ಕುಯ್ದ ಗೆರೆ

ಗುರುವಾರದೊಳಗೆ ಡಿಸ್ಕ್ ಓಡದಿದ್ದರೆ ನನ್ನ ಕೆಲಸ ಖಾಯಂ ಆಗುವುದಿಲ್ಲ ಎಂದು ಶಂಭುಲಿಂಗಪ್ಪನವರು ಸೋಮವಾರ ಬೆಳಿಗ್ಗೆ ಎಲ್ಲರೆದುರಿಗೇ ಹೇಳಿದರು. ಅದು ೧೯೮೮. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವರದೊಂದು ಶೆಡ್ಡು. ಅಲ್ಲಿ ನಾವು ಒಂಬತ್ತು ಜನ ಕಂಪ್ಯೂಟರ್ ಜೋಡಿಸುತ್ತಿದ್ದೆವು. ನಾನು ಬಿ.ಎಸ್ಸಿ. ಮುಗಿಸಿ ಸೇರಿ ಆರು ತಿಂಗಳಾಗಿತ್ತು.

"ಬಾಯಂತೂ ಇಲ್ಲ, ಕೈಯಾದ್ರೂ ಇದೆಯಾ ನೋಡೋಣಮ್ಮ," ಎಂದರು.

ಮಾರಾಟ ನೋಡಿಕೊಳ್ಳುವ ಲಕ್ಷ್ಮೀಪತಿ ನಕ್ಕ. "ಬಿಡಿ ಸಾರ್, ಮದ್ವೆ ಮಾಡ್ಕೊಂಡು ಹೋಗ್ತಾರೆ. ಅಲ್ಲಿ ಯಾರೂ ಡಿಸ್ಕ್ ಕೇಳಲ್ಲ."

ನಾನೂ ನಕ್ಕೆ. ಕೆಲಸ ಹೋದರೆ ಆರ್‌ಪಿಸಿ ಲೇಔಟಿನ ಮನೆಯಲ್ಲಿ ದಿನವಿಡೀ ಅತ್ತಿಗೆಯ ಕಣ್ಣೆದುರು ಕೂರಬೇಕು. "ಇವಳು ಓದಿದ್ದು ಉಪ್ಪಿನಕಾಯಿ ಹಾಕೋಕಾ?" ಎಂದು ಬಂದವರ ಮುಂದೆಲ್ಲ ಕೇಳುವವಳು ಆಕೆ.

ಒಂದು ಇಂಜಿನಿಯರಿಂಗ್ ಕಾಲೇಜು ಹನ್ನೆರಡು ಯಂತ್ರ ಕೇಳಿತ್ತು. ಡಾಸ್ ಬೇಡ, ಪರದೇಶದ ಮೇಷ್ಟ್ರೊಬ್ಬರು ಬರೆದ ಹೊಸ ಆಪರೇಟಿಂಗ್ ಸಿಸ್ಟಮ್ ಬೇಕು. ಅದರ ಸೋರ್ಸ್ ಕೋಡ್ ಫ್ಲಾಪಿಯ ಜೊತೆಗೇ ಬರುತ್ತದೆ, ಹುಡುಗರು ಸಾಲುಸಾಲಾಗಿ ಓದಬಹುದು, ತಿದ್ದಬಹುದು. ನಮ್ಮ ಯಂತ್ರದಲ್ಲಿ ಡಾಸ್ ಚೆನ್ನಾಗಿಯೇ ಓಡುತ್ತಿತ್ತು. ಇದು ಮಾತ್ರ ಪರದೆಯ ಮೇಲೆ ಎರಡು ಸಾಲು ಮೂಡಿಸಿ, ಡಿಸ್ಕಿನ ಕೆಂಪು ದೀಪ ಹೊತ್ತಿಸಿ, ಹಾಗೇ ನಿಂತುಬಿಡುತ್ತಿತ್ತು.

ಎರಡು ದಿನ ಸೋರ್ಸ್ ಓದಿದೆ. ಡಾಸ್ ಇದ್ದಾಗ ನಮ್ಮ ಯಂತ್ರ ಡಿಸ್ಕ್ ನಡೆಸುವ ಕಾರ್ಡನ್ನು "ಆಯ್ತಾ, ಆಯ್ತಾ" ಎಂದು ಪೀಡಿಸುತ್ತಲೇ ಇರುತ್ತದೆ. ಹೊಸದು ಹಾಗಲ್ಲ, ಒಮ್ಮೆ ಕೆಲಸ ಹೇಳಿ ಮಲಗುತ್ತದೆ. ಮುಗಿದ ಮೇಲೆ ಕಾರ್ಡೇ ಒಂದು ಗೆರೆಯ ಮೂಲಕ ಗಂಟೆ ಬಾರಿಸಿ ಎಬ್ಬಿಸಬೇಕು. ನಮ್ಮ ಕಾರ್ಡು ಬಾರಿಸುತ್ತಿರಲಿಲ್ಲ.

ಬುಧವಾರ ಕಾರ್ಡನ್ನು ದೊಡ್ಡಣ್ಣನ ಬಳಿ ಒಯ್ದೆ. ಅವರು ನಮ್ಮ ವೈರ್‌ಮನ್. ಐವತ್ತು ದಾಟಿದವರು, ಲಗ್ಗೆರೆಯಿಂದ ಸೈಕಲ್ಲಿನಲ್ಲಿ ಬರುವವರು. ಶೆಡ್ಡಿನಲ್ಲಿ ನನ್ನನ್ನು ಅಣಕಿಸದೆ ಮಾತಾಡಿಸುತ್ತಿದ್ದವರು ಅವರೊಬ್ಬರೇ. ಕಾರ್ಡಿನ ಬೆನ್ನಲ್ಲಿ, ಆ ಗಂಟೆಯ ತಾಮ್ರದ ಗೆರೆಯ ನಡುವೆ ಕೂದಲೆಳೆಯಷ್ಟು ಕಚ್ಚು ಇತ್ತು. ತೋರಿಸಿದೆ.

"ಇದಾ? ನಾನೇ ಕುಯ್ಯೋದು. ಎಲ್ಲಾ ಕಾರ್ಡ್‌ಗೂ ಹಂಗೇ, ವಾರ್ನಿಶ್ ಹೊಡೆಯೋಕ್ ಮುಂಚೆ ಬ್ಲೇಡಲ್ಲಿ ಒಂದು ಗೀಟು."

"ಯಾಕೆ?"

"ಎಂಬತ್ನಾಲ್ಕರಲ್ಲಿ ಪ್ರಿಂಟರ್ ಕಾರ್ಡೂ ಇದೂ ಈ ಗೆರೆಗೆ ಜಗಳ ಆಡ್ತಿದ್ವು. ಸಾಹೇಬ್ರು ಕುಯ್ದಾಕು ಅಂದ್ರು."

"ಆ ಪ್ರಿಂಟರ್ ಕಾರ್ಡು ಈಗ ಇಲ್ವಲ್ಲ."

"ಇಲ್ಲ. ಆದ್ರೆ ನಿಲ್ಸು ಅಂತ ಯಾರೂ ಅನ್ಲಿಲ್ವಲ್ಲ ತಾಯಿ." ನಗುತ್ತಲೇ ಕೆಲಸದ ಆರ್ಡರ್ ಪುಸ್ತಕ ತೆಗೆದು ಹಾಳೆ ತಿರುವಿದರು. ಶಂಭುಲಿಂಗಪ್ಪನವರ ಹಸಿರು ಇಂಕು: ಎಲ್ಲ ಡಿಸ್ಕ್ ಕಾರ್ಡುಗಳಲ್ಲೂ ಈ ಗೆರೆ ಕತ್ತರಿಸುವುದು. ಕೆಳಗೆ ಸಹಿ.

ಸೋರ್ಸ್ ನನ್ನ ಕೈಯಲ್ಲೇ ಇತ್ತು. ಹೊಸ ಸಿಸ್ಟಮ್ಮಿಗೂ "ಆಯ್ತಾ" ಎಂದು ಕೇಳುವುದನ್ನು ಕಲಿಸಿದ್ದರೆ ಕಚ್ಚಿನ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೆ ಇನ್ನೂ ಮೂರು ದಿನವಾದರೂ ಬೇಕಿತ್ತು. ಬೆಸುಗೆಗೆ ಮೂರು ನಿಮಿಷ ಸಾಕು. ದೊಡ್ಡಣ್ಣ ಕಚ್ಚಿನ ಮೇಲೆ ಸಣ್ಣ ತಂತಿಯಿಟ್ಟು ಬೆಸೆದರು. ಡಿಸ್ಕ್ ಕರಕರ ಎಂದಿತು, ಪರದೆಯ ಮೇಲೆ ಸಾಲುಗಳು ಉರುಳಿದವು.

"ನಾಳೆ ಕೇಳಿದ್ರೆ, ಅವರೇ ಬರ್ದಿದ್ದು ಅಂತ ಒಂದ್ಮಾತು ಹೇಳ್ಬಿಡು ತಾಯಿ. ನನ್ನ ಮಾತು ಅಲ್ಲಿ ನಡೆಯಲ್ಲ," ಎನ್ನುತ್ತ ಪುಸ್ತಕವನ್ನು ನನ್ನ ಕೈಗೇ ಕೊಟ್ಟರು.

"ಹೇಳ್ತೀನಿ," ಎಂದೆ.

ಗುರುವಾರ ಕಾಲೇಜಿನ ಪ್ರೊಫೆಸರ್ ಗುರುಸಿದ್ದಯ್ಯ ಬಂದರು. ಯಂತ್ರ ಓಡಿದ್ದು ನೋಡಿ ತಲೆಯಾಡಿಸಿದರು. ಆಮೇಲೆ ಮುಚ್ಚಳ ತೆಗೆಸಿ ಕಾರ್ಡನ್ನು ಮಗುಚಿದರು. "ಇದೇನ್ರೀ, ಹೊಸ ಮಾಲಿಗೆ ತೇಪೆ?"

ಶಂಭುಲಿಂಗಪ್ಪನವರು ಒಂದು ಕ್ಷಣ ಆ ಜಾಗವನ್ನೇ ನೋಡಿದರು. ಅವರಿಗೆ ನೆನಪಾದದ್ದು ನನಗೆ ಕಂಡಿತು.

"ಯಾವನೋ ಇದು ಕುಯ್ದಿದ್ದು?"

"ತಾವೇ ಹೇಳಿದ್ರಿ ಸಾಮಿ, ಎಂಬತ್ನಾಲ್ಕರಲ್ಲಿ..." ದೊಡ್ಡಣ್ಣ ಎದ್ದು ನಿಂತರು.

"ನಾನಾ? ಒಳ್ಳೇ ಗೆರೆ ಕುಯ್ಯಿ ಅಂತ ನಾನು ಹೇಳ್ತೀನಾ? ನಾಲ್ಕು ವರ್ಷದಿಂದ ಮಾಲು ಕೆಡ್ಸಿ ಈಗ ನನ್ ಮೇಲೆ ಹಾಕ್ತೀಯಾ?"

"ಹಿಂದೆ ಟೈಲರ್ ಆಗಿದ್ದ ಅಂತ ಕಾಣುತ್ತೆ ಸಾರ್," ಎಂದ ಲಕ್ಷ್ಮೀಪತಿ. ಎಲ್ಲರೂ ನಕ್ಕರು.

"ಬುಕ್ಕಲ್ಲಿದೆ ಸಾಮಿ. ಈ ತಾಯಿ ನೋಡವ್ರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಪುಸ್ತಕ ನನ್ನ ಮೇಜಿನ ಮೇಲೆ, ಸೋರ್ಸಿನ ಪ್ರಿಂಟ್‌ಔಟುಗಳ ಕೆಳಗಿತ್ತು. ನನ್ನ ಮೊಣಕೈ ಅದರ ಮೇಲೇ ಇತ್ತು.

ಶಂಭುಲಿಂಗಪ್ಪನವರು ದನಿ ಇಳಿಸಿದರು. "ಹೇಳಮ್ಮ. ನಿನ್ನ ಖಾಯಂ ಆರ್ಡರ್ ಟೈಪ್ ಆಗಿದೆ, ನನ್ನ ಸಹಿ ಒಂದು ಬಾಕಿ. ಯಾವ ಬುಕ್ಕು?"

ಹತ್ತು ಜನರೆದುರು ಬಾಯಿ ಬಾರದವಳು ನಾನು, ಅದು ಎಲ್ಲರಿಗೂ ಗೊತ್ತು. ಆದರೆ ಅವತ್ತು ಮಾತು ಬಾಯಲ್ಲೇ ಇತ್ತು. ಹೇಳಬಹುದಾಗಿತ್ತು.

"ನಂಗೊತ್ತಿಲ್ಲ ಸಾರ್," ಎಂದೆ, ಸ್ಪಷ್ಟವಾಗಿ.

ದೊಡ್ಡಣ್ಣ ಮತ್ತೆ ಕೂತರು. "ಉಳಿದ ಹನ್ನೊಂದಕ್ಕೂ ಬೆಸುಗೆ ಹಾಕಿ ಹೋಗು. ನಾಳೆಯಿಂದ ಈ ಕಡೆ ಬರ್ಬೇಡ," ಎಂದರು ಶಂಭುಲಿಂಗಪ್ಪ. ಕೆಲಸಗಾರರ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂದು ಗುರುಸಿದ್ದಯ್ಯನವರು ಕಾಫಿ ಕುಡಿಯುತ್ತ ಒಪ್ಪಿದರು.

ದೊಡ್ಡಣ್ಣ ಬೆಸೆದು ಕೊಡಬೇಕು, ನಾನು ಯಂತ್ರಕ್ಕೆ ಸಿಕ್ಕಿಸಿ ನೋಡಬೇಕು. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ಊದಿ, ಒರೆಸಿ ಕೊಟ್ಟರು. ಒಂದಾದರೂ ಕೈಕೊಡಲಿ ಎಂದು ನಾನು ಒಳಗೊಳಗೇ ಬಯಸಿದೆ. ಆಗ ಅವರು ನಿಜವಾಗಿಯೂ ಕೆಟ್ಟ ಕೆಲಸಗಾರರೆಂದು ನಂಬಿ ಮನೆಗೆ ಹೋಗಬಹುದಿತ್ತು. ಒಂದೂ ಕೈಕೊಡಲಿಲ್ಲ. ನಡುವೆ ಲಕ್ಷ್ಮೀಪತಿ ಬಂದು ಒಂದು ಲಕೋಟೆಯನ್ನು ನನ್ನ ಮೇಜಿನ ಮೇಲೆಸೆದು ಹೋದ.

ಕೊನೆಯ ಕಾರ್ಡು ಕೊಡುವಾಗ ದೊಡ್ಡಣ್ಣ ಕೇಳಿದರು, "ಆರ್ಡರ್ ಕೈಗೆ ಬಂತಾ ಮೇಡಂ?"

"ಬಂತು."

"ಸರಿ. ಇದಿನ್ನೂ ಬಿಸಿ ಇದೆ. ಅಂಚು ಹಿಡ್ಕೊಳ್ಳಿ."

ಅಂಚು ಹಿಡಿದು ಸಿಕ್ಕಿಸಿದೆ. ಡಿಸ್ಕ್ ಓಡಿತು.