ಕೊರೈಬಸ್ ಹೇಳಿದ ಸಾಕ್ಷಿ

ಆ ವರ್ಷ ನಮ್ಮ ಫೈಲೆ ಊರಿನವರು ಸಭೆಗೆ ಆಳು ಆರಿಸಲು ಮಡಕೆಯಿಂದ ಕಾಳೆತ್ತಿದಾಗ ಬಿಳಿ ಕಾಳು ಬಂದದ್ದು ನನಗೆ. ಅಥೆನ್ಸಿನ ಐನೂರು ಜನರ ಸಭೆಯಲ್ಲಿ ಒಂದು ವರ್ಷ ನಾನೂ ಒಬ್ಬ! ಜನ ಇದನ್ನು ಅಧಿಕಾರ ಎನ್ನುತ್ತಾರೆ. ಅಧಿಕಾರ ಕಟ್ಟಿಕೊಂಡು ನನಗೇನಾಗಬೇಕಿತ್ತು? ಕಾಡಿನಲ್ಲಿ ಇದ್ದಿಲು ಸುಡುವವನು ನಾನು. ನನಗೆ ಬೇಕಾಗಿದ್ದದ್ದು ಊಟ. ಸಭೆಯವರು ಸರದಿಯ ಮೇಲೆ, ಐವತ್ತು ಐವತ್ತು ಜನರಾಗಿ, ಮೂವತ್ತಾರು ದಿನ ದುಂಡುಮನೆ ಎಂಬ ಸಭೆಯ ಕಟ್ಟಡದಲ್ಲಿ ಒಟ್ಟಿಗೆ ಉಣ್ಣುತ್ತಾರೆ. ನಾನು ಒಂಬತ್ತು ವರ್ಷದಿಂದ ಒಬ್ಬನೇ ಉಣ್ಣುತ್ತಿದ್ದೆ. ಅಗಿಯುವ ಸದ್ದು ನನ್ನ ಕಿವಿಗೇ ಕೇಳಿಸಿ ಬೇಸರ ಬಂದುಹೋಗಿತ್ತು. ಪಕ್ಕದಲ್ಲಿ ಕೂತವನೊಬ್ಬ "ಲೋ ಸಿಮಿಲೋಸ್, ಉಪ್ಪು ಈ ಕಡೆ ಕೊಡೋ" ಎಂದರೆ ಸಾಕಿತ್ತು.

ಆದರೆ ಕಾಳು ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಸಭೆ ಮೊದಲು ಪರೀಕ್ಷೆ ಮಾಡುತ್ತದೆ. ಅಪ್ಪ ಯಾರು, ಅವ್ವ ಯಾರು, ಅವರ ಗೋರಿ ಎಲ್ಲಿ, ಅವರನ್ನು ಚೆನ್ನಾಗಿ ನೋಡಿಕೊಂಡೆಯಾ ಎಂದು ಕೇಳುತ್ತಾರೆ. ಅವರನ್ನು ಬಲ್ಲ ಊರವನೊಬ್ಬ ಸಾಕ್ಷಿ ಹೇಳಬೇಕು. ಬಲ್ಲವರನ್ನೆಲ್ಲ ಪಿಡುಗು, ಯುದ್ಧ ಎರಡೂ ಸೇರಿ ಒಯ್ದಿದ್ದವು. ಉಳಿದವನು ಪಕ್ಕದ ಮನೆಯ ಕೊರೈಬಸ್, ಮೇಕೆ ಕಾಯುವ ಮುದುಕ. ನಮ್ಮಿಬ್ಬರ ನಡುವೆ ಮಾತಿಲ್ಲ.

ಮಾತು ನಿಂತದ್ದು ಒಂಬತ್ತು ವರ್ಷದ ಹಿಂದೆ, ಅವ್ವ ಸತ್ತ ದಿನ. ಶತ್ರುಗಳಿಗೆ ಹೆದರಿ ಊರೆಲ್ಲ ಅಥೆನ್ಸಿನ ಕೋಟೆಯೊಳಗೆ ಓಡಿತ್ತು. ಅವ್ವ ಹಾಸಿಗೆ ಹಿಡಿದಿದ್ದರಿಂದ ನಾವು ಹೋಗಲಿಲ್ಲ; ಮೇಕೆ ಬಿಟ್ಟಿರಲಾರದೆ ಕೊರೈಬಸನೂ ಹೋಗಲಿಲ್ಲ. ನಾನು ಮೇಲೆ ಕಾಡಿನಲ್ಲಿ ಇದ್ದಿಲ ಭಟ್ಟಿ ಕಾಯುತ್ತಿದ್ದಾಗ ಅವನು ಏದುಸಿರು ಬಿಡುತ್ತ ಹತ್ತಿ ಬಂದ.

"ಅವ್ವ ಹೋಗ್ಬಿಟ್ಳು ಕಣೋ. ಇಳಿದು ಬಾ."

"ಈಗ ಬಿಟ್ಟು ಬಂದ್ರೆ ಭಟ್ಟಿ ಪೂರಾ ಬೂದಿ ಆಗ್ತದೆ ಅಣ್ಣ. ಎರಡು ದಿನ ತಡಿ."

ಅಂದೆ, ಹೌದು. ಈ ಬಾಯಿಂದಲೇ ಅಂದೆ. ಅವನು ನೆಲಕ್ಕೆ ಉಗುಳಿ ಇಳಿದುಹೋದ. ಬೇಸಿಗೆಯ ಬಿಸಿಲು, ಹೆಣ ಕಾಯುತ್ತದೆಯೇ? ನಾನು ಬರುವಷ್ಟರಲ್ಲಿ ಅವನೊಬ್ಬನೇ ಮಣ್ಣು ಮಾಡಿ ಮುಗಿಸಿದ್ದ; ಅಪ್ಪನ ಗೋರಿಯ ಪಕ್ಕ ಹೊಸದಾಗಿ ಅಗೆದ ಮಣ್ಣು ಕಂಡಿತು. ನಾಚಿಕೆಯಿಂದ ನಾನು ಅವನ ಮುಖ ನೋಡಲಿಲ್ಲ. ಸಿಟ್ಟಿನಿಂದ ಅವನು ನನ್ನ ಮುಖ ನೋಡಲಿಲ್ಲ.

ಈಗ ಅವನ ಬಾಗಿಲು ತಟ್ಟಿದೆ.

"ಓಹೋ, ಸಭೆಯ ದೊಡ್ಡಮನುಷ್ಯರು! ದಾರಿ ತಪ್ತಾ?"

"ನನ್ನ ಕಡೆ ಸಾಕ್ಷಿ ಹೇಳ್ಬೇಕಣ್ಣ. ನಿನ್ನ ಬಿಟ್ರೆ ಯಾರೂ ಇಲ್ಲ."

ಅವನು ಬಹಳ ಹೊತ್ತು ಮೇಕೆಯ ಕಾಲಿನ ಮುಳ್ಳು ಕೀಳುತ್ತಿದ್ದ. "ಬರ್ತೀನಿ. ಆದ್ರೆ ಇದ್ದದ್ದು ಇದ್ದಂಗೆ ಹೇಳೋನು ನಾನು. ಆಮೇಲೆ ಎದ್ದು ಬಂದು ಎದೆಗೆ ಒದೀಬ್ಯಾಡ."

ಸಭೆಯಲ್ಲಿ ಮೊದಲ ಪ್ರಶ್ನೆಗಳು ಸಲೀಸಾಗಿ ಕಳೆದವು. ಹೆಜೆಮನ್ನನ ಮಗ ಎಂದೆ, ಕೊರೈಬಸ್ ಹೌದೆಂದ. ಆಮೇಲೆ ವಿಚಾರಿಸುವವನು ಕೇಳಿದ: "ಗೋರಿಗಳು ಎಲ್ಲಿವೆ?"

"ಫೈಲೆ ದಾರಿಯ ಬಲಗಡೆ, ಅಪ್ಪನ ಪಕ್ಕಕ್ಕೇ ಅವ್ವ," ಎಂದು ಗಟ್ಟಿಯಾಗಿ ಹೇಳಿದೆ. "ಪ್ರತಿ ವರ್ಷ ಎಣ್ಣೆ ಹುಯ್ತೀನಿ, ಹೂವು ಇಡ್ತೀನಿ."

"ಹೌದೇನಯ್ಯಾ ಮುದುಕಪ್ಪ?"

ಕೊರೈಬಸ್ ನೆಲ ನೋಡಿದ. "ಅಪ್ಪಂದು ಅಲ್ಲೇ ಸ್ವಾಮಿ. ಅವ್ವಂದಲ್ಲ."

ಯಾರೋ ನಕ್ಕರು.

"ಮೊದಲು ಅಲ್ಲೇ ಅಗೆದೆ. ಬಂಡೆ ಸಿಕ್ತು, ಮುಚ್ಚಿಬಿಟ್ಟೆ. ಗುಡ್ಡದ ಮೇಲೆ ನಮ್ಮ ಜಾಗದಲ್ಲಿ, ನನ್ನ ಹೆಂಡ್ತಿ ಗೋರಿ ಪಕ್ಕ ಮಲಗಿಸ್ದೆ. ಇವ್ನು ಬರೀ ಮಣ್ಣಿಗೆ ಎಣ್ಣೆ ಹುಯ್ಯೋದು ನೋಡ್ತಾನೇ ಇದ್ದೆ. ಕೇಳಿದ್ರೆ ಹೇಳ್ತಿದ್ದೆ. ಇವ್ನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

"ಹೆತ್ತವಳು ಎಲ್ಲಿ ಮಲಗವ್ಳೆ ಅಂತ ಗೊತ್ತಿಲ್ಲದವನ ಕೈಗೆ ಅಥೆನ್ಸ್ ಕೊಡ್ಬೇಕೇನ್ರಯ್ಯಾ?" ಎಂದು ಹಿಂದಿನ ಸಾಲಿನವನೊಬ್ಬ ಕೂಗಿದ.

ಆ ಗದ್ದಲದಲ್ಲಿ ಕೊರೈಬಸ್ ಮತ್ತೆ ಬಾಯಿ ತೆಗೆದ. "ಬದುಕಿದ್ದಾಗ ಚೆನ್ನಾಗೇ ನೋಡ್ಕೊಂಡ. ಕೈಯಾರೆ ಉಣಿಸ್ತಿದ್ದ. ಅದನ್ನೂ ಕೇಳಿಸ್ಕೊಳ್ಳಿ." ಕೇಳಿಸಿಕೊಂಡವರು ಕಡಿಮೆ. ನನ್ನ ಪರವಾಗಿ ಎದ್ದ ಕೈಗಳನ್ನು ಎಣಿಸಲು ಒಂದು ಕೈಯ ಬೆರಳುಗಳೂ ಪೂರಾ ಬೇಕಾಗಲಿಲ್ಲ.

ಊರಿಗೆ ಅರ್ಧ ದಿನದ ದಾರಿ. ಅವನು ಇಪ್ಪತ್ತು ಹೆಜ್ಜೆ ಮುಂದೆ, ನಾನು ಹಿಂದೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಏರು ಶುರುವಾದಾಗ ಕೂಗಿ ಕೇಳಿದೆ:

"ಅಣ್ಣಾ, ನಿಮ್ಮ ಜಾಗಕ್ಕೆ ನಾನು ಬರಬಹುದಾ?"

ಅವನು ತಿರುಗಲಿಲ್ಲ. "ಮೇಕೆಗಳೇ ಬರ್ತಾವೆ. ನೀನು ಬಂದ್ರೆ ನನ್ನ ಗಂಟೇನು ಹೋಗ್ತದೆ?"

ನನ್ನ ಬದಲಿಗೆ ಯಾರೋ ದುಂಡುಮನೆಯಲ್ಲಿ ಉಂಡರು. ನಾನು ಈಗ ಮಧ್ಯಾಹ್ನದ ರೊಟ್ಟಿ ಕಟ್ಟಿಕೊಂಡು ಅವ್ವನ ಗೋರಿಯ ಹತ್ತಿರ ಹೋಗುತ್ತೇನೆ. ಅದೇ ಹೊತ್ತಿಗೆ ಕೊರೈಬಸ್ ಬಂದು ತನ್ನ ಹೆಂಡತಿಯ ಗೋರಿಯ ಪಕ್ಕ, ನನಗೆ ಬೆನ್ನು ಹಾಕಿ ಕೂರುತ್ತಾನೆ. ಮಾತಿಲ್ಲ. ಆದರೆ ನನ್ನ ಊಟ ಮುಗಿಯುವವರೆಗೂ ಅವನು ಏಳುವುದಿಲ್ಲ. ಅದಕ್ಕೇ ನಾನು ಬಹಳ ನಿಧಾನವಾಗಿ ತಿನ್ನುತ್ತೇನೆ.