ಪ್ರತಿಭಾದಾನ

ತಾಕ್ ಮೇಡಂಗೆ ನಮ್ಮ ಇಂಗ್ಲಿಷ್ ವಿಭಾಗದಲ್ಲಿ ಕೋಣೆ ಇಲ್ಲ, ಮೇಜಿಲ್ಲ, ಕೂರಲು ತಮ್ಮದೆನ್ನುವ ಕುರ್ಚಿಯೂ ಇಲ್ಲ. ಹಳೆಯ ಕಾರೇ ಅವರ ಕೋಣೆ. ಹಿಂದಿನ ಸೀಟಿನ ತುಂಬ ಪುಸ್ತಕ, ಹೊದಿಕೆ, ಉತ್ತರಪತ್ರಿಕೆ. ಪಾರ್ಕಿಂಗಿನಲ್ಲಿ ಕೂತು ತಣ್ಣಗಾದ ಕಿಂಬಾಪ್, ಅಂದರೆ ಅನ್ನದ ಸುರುಳಿ ತಿಂದು, ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು ಪಾಠಕ್ಕೆ ಓಡುತ್ತಾರೆ. ಇಂಥ ಅರೆಕಾಲಿಕ ಉಪನ್ಯಾಸಕರಿಗೆ ನಮ್ಮ ಕೊರಿಯಾದಲ್ಲಿ ಗಂಟು ವ್ಯಾಪಾರಿಗಳು ಎಂದು ಹೆಸರು. ಗಂಟು ಹೊತ್ತು ಕಾಲೇಜಿಂದ ಕಾಲೇಜಿಗೆ ಅಲೆಯುವ ಆ ಉಪನ್ಯಾಸಕರೇ ತಮಗೆ ಇಟ್ಟುಕೊಂಡ ಹೆಸರು ಅದು.

ಇಂಥವರನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಹೊಸ ಸೆಮಿಸ್ಟರಿಗೆ ಮುಂಚೆ ವಿಭಾಗದಿಂದ ಫೋನ್ ಹೋಗಬೇಕು. ಹೋಗದಿದ್ದರೆ ಕೆಲಸ ಮುಗಿಯಿತು ಎಂದರ್ಥ. ಆ ಫೋನ್ ಮಾಡುವವಳು ನಾನು, ವಿಭಾಗದ ಸಹಾಯಕಿ. ವಿಭಾಗದ ಸುದ್ದಿಯನ್ನು ಜಾಲತಾಣಕ್ಕೆ ಹಾಕುವವಳೂ ನಾನೇ.

ಈ ವರ್ಷ ಮುಖ್ಯಸ್ಥ ಮ್ಯೋಂಗ್ ಸರ್ ವಿದ್ಯಾರ್ಥಿಗಳ ಇಂಗ್ಲಿಷ್ ನಾಟಕವನ್ನು ಮೇಡಂ ತಲೆಗೆ ಕಟ್ಟಿದರು.

"ನಾಟಕ ಒಂದು ದಡ ಸೇರ್ಸಿ ಮೇಡಂ. ಮುಂದಿನ ಸೆಮಿಸ್ಟರಿನ ಪಾಠದ ಚಿಂತೆ ನನಗೆ ಬಿಡಿ."

ಮೇಡಂ ಪಾಠ ಮಾಡುತ್ತಿದ್ದ ಇನ್ನೊಂದು ಕಾಲೇಜು ಬೇಸಿಗೆಯಲ್ಲೇ ಕೈಬಿಟ್ಟಿತ್ತು. ಉಳಿದದ್ದು ನಮ್ಮದೊಂದೇ. ಒಪ್ಪಿಕೊಂಡರು. ಮಕ್ಕಳ ಜೊತೆ ನಾಟಕ ಬರೆದರು, ಉಚ್ಚಾರಣೆ ತಿದ್ದಿದರು, ಪರದೆಯನ್ನೂ ಹೊಲಿದರು.

ನಾಟಕದ ದಿನ ಬೆಳಿಗ್ಗೆ ಸರ್ ಸುದ್ದಿಯನ್ನು ಮೊದಲೇ ಬರೆಸಿದರು. "ತಾಕ್ ಅವರ ಪ್ರತಿಭಾದಾನದಿಂದ ನಾಟಕ ನೆರವೇರಿತು ಅಂತ ಹಾಕು."

ಪುಕ್ಕಟೆ ದುಡಿಸಿಕೊಳ್ಳುವುದಕ್ಕೆ ನಮ್ಮಲ್ಲಿರುವ ಮರ್ಯಾದಸ್ತ ಹೆಸರು ಅದು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

"ಮುಂದಿನ ಸೆಮಿಸ್ಟರಿಗೆ ಮೇಡಂಗೆ ಫೋನ್ ಮಾಡ್ಲಾ ಸರ್?"

"ಬೇಡ. ಆ ಕ್ಲಾಸು ಬೇರೆಯವರಿಗೆ ಕೊಟ್ಟಾಯ್ತು."

"ಅವ್ರಿಗೆ ಏನಂತ ಹೇಳ್ಲಿ?"

"ಹೇಳೋದೇನು ಬಂತು? ಫೋನ್ ಬರದೇ ಇದ್ರೆ ತಾವೇ ತಿಳ್ಕೋತಾರೆ."

ನೇರ ಪಾರ್ಕಿಂಗಿಗೆ ಹೋಗಿ ಮೇಡಂಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬಾಯಲ್ಲಿದ್ದ ತುತ್ತನ್ನು ನುಂಗಿದರು.

"ನಾಟಕ ಮುಗೀಲಿ ಕಣಮ್ಮ. ಮಕ್ಕಳು ತುಂಬ ಕಷ್ಟಪಟ್ಟಿದ್ದಾವೆ."

ತಿರುಗಿದರೆ ನಾಟಕದ ನಾಯಕಿ ಸೊ-ದಾಮ್ ನಿಂತಿದ್ದಳು. ಮೇಡಂ ಅವರನ್ನು ಕರೆಯಲು ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಸಂಜೆ ನಾಟಕ ಚೆನ್ನಾಗಿಯೇ ಆಯಿತು. ಮ್ಯೋಂಗ್ ಸರ್ ಹೂಗುಚ್ಛ ಹಿಡಿದು ವೇದಿಕೆ ಹತ್ತಿದರು. "ತಾಕ್ ಅವರ ಪ್ರತಿಭಾದಾನಕ್ಕೆ ಒಂದು ಚಪ್ಪಾಳೆ," ಎಂದರು.

ಮೇಡಂ ಹೂವಿಗೆ ಕೈ ಚಾಚಲಿಲ್ಲ.

"ನಾನು ದಾನ ಕೊಟ್ಟಿಲ್ಲ ಸರ್. ಪಾಠ ಕೊಡ್ತೀನಿ ಅಂದ್ರಿ, ದುಡಿದೆ. ಮುಂದಿನ ಸೆಮಿಸ್ಟರ್ ನನಗೆ ಪಾಠ ಇದೆಯಾ, ಇಲ್ವಾ?"

"ಅದೆಲ್ಲ ಆಮೇಲೆ ಮಾತಾಡೋಣ. ಬನ್ನಿ ಎಲ್ರೂ, ಫೋಟೊ. ಎಲ್ಲಿ, ನಗ್ತಾ 'ಕಿಮ್ಚಿ' ಅನ್ನಿ."

ಯಾರೂ ಅನ್ನಲಿಲ್ಲ, ಯಾರೂ ನಗಲಿಲ್ಲ. ಸೊ-ದಾಮ್ ವೇದಿಕೆಯ ಮೇಲೇ ಕೂತಳು.

"ಮೊದ್ಲು ಮೇಡಂಗೆ ಉತ್ತರ ಹೇಳಿ ಸರ್."

ಉಳಿದ ಮಕ್ಕಳೂ ಕೂತರು. ಕೆಳಗೆ ಸಭೆಯಲ್ಲಿದ್ದ ಸೊ-ದಾಮ್‌ಳ ತಾಯಿ, ಸಂತೆಯಲ್ಲಿ ಮೀನು ಮಾರುವವಳು, ಎದ್ದು ನಿಂತಳು.

"ಇದ್ರೆ ಇದೆ ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ ಸಾರ್. ಮೀನು ಮಾರೋ ನಾವೂ ಗಿರಾಕಿಗೆ ಅಷ್ಟು ಹೇಳ್ತೀವಿ."

ಸರ್ ಹೂಗುಚ್ಛದ ಸಮೇತ ಪಕ್ಕದ ಮೆಟ್ಟಿಲಿಳಿದು ಹೋದರು. ಮೇಡಂ ಮಕ್ಕಳ ನಡುವೆ ನಿಂತೇ ಇದ್ದರು. ನಾನು ಅದರ ಫೋಟೊ ತೆಗೆದೆ.

ಮರುದಿನ ಸರ್ ಫೋನಿನಲ್ಲಿ, "ನಿನ್ನೆ ಬರೆದಿದ್ದನ್ನೇ ಹಾಕು. ಹೋದ ವರ್ಷದ ಫೋಟೊ ಸಾಕು," ಎಂದರು.

ನಾನು ಕೂತ ಮಕ್ಕಳ ಫೋಟೊ ಹಾಕಿದೆ. ಕೆಳಗೆ, 'ತಾಕ್ ಅವರು ದಾನ ಕೊಟ್ಟಿಲ್ಲ. ಅವರ ಪ್ರಶ್ನೆಗೆ ವಿಭಾಗ ಉತ್ತರವನ್ನೂ ಕೊಟ್ಟಿಲ್ಲ' ಎಂದು ಬರೆದೆ.

ಮಧ್ಯಾಹ್ನ ಸರ್ ಮುಖ ಕೆಂಪಗೆ ಮಾಡಿಕೊಂಡು ಒಳಬಂದರು.

"ತೆಗಿ ಅದನ್ನ. ಇದೇನು ವಿಭಾಗದ ಸುದ್ದಿನಾ?"

"ಹೌದು ಸರ್," ಎಂದೆ. "ಈ ವರ್ಷ ನಮ್ಮ ವಿಭಾಗದಲ್ಲಿ ಸುದ್ದಿ ಅನ್ನೋ ಹಾಗೆ ನಡೆದಿದ್ದು ಇದೊಂದೇ."