ಕಕ್ಕಸಿನಲ್ಲಿಟ್ಟ ಲಾಳದ ಚೀಲ

ನನ್ನ ಷಡ್ಡಕ ಶಶಿಕುಮಾರನ ಮಗಳು ಸಿಂಧು ಎರಡು ವರ್ಷದಿಂದ ಅಪ್ಪನನ್ನು ಕೇಳುತ್ತಿದ್ದದ್ದು ಒಂದೇ ಒಂದು. ಕುದುರೆ ಮೇಲೆ ಕೂರಬೇಕು. ಹನ್ನೊಂದು ವರ್ಷದ ಹುಡುಗಿ, ಬೇರೆ ಏನನ್ನೂ ಕೇಳಿದವಳಲ್ಲ. ಮತ್ತಿಗಿರಿಯ ದನದ ಫಾರಂ ಪಕ್ಕದಲ್ಲಿ ಅವಳ ಸ್ಕೂಲ್ ಬಸ್ಸು ಹೋಗುವಾಗ ಬೇಲಿಯಾಚೆ ದೂರದಲ್ಲಿ ಎರಡು ಮೂರು ಕುದುರೆ ಮೇಯುವುದು ಕಾಣುತ್ತದಂತೆ. ಆ ಕಡೆಯ ಕಿಟಕಿ ಸೀಟಿಗೆ ದಿನಾ ಜಗಳವಂತೆ. ಅಪ್ಪ ದೀಪಾವಳಿಗೆ ಎಂದ, ಪೊಂಗಲ್‌ಗೆ ಎಂದ, ಪರೀಕ್ಷೆ ಮುಗಿಯಲಿ ಎಂದ. ಮೂರು ಸಲ ಮಾತು ತಪ್ಪಿದ ಮೇಲೆ ಈ ಮೇ ತಿಂಗಳಲ್ಲಿ, ಏಲಗಿರಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಕುದುರೆ ಸವಾರಿ ಮಾಡಿಸುತ್ತೇನೆಂದು ಹೊರಟ. ಬೆಳಿಗ್ಗೆ ಹೊಸೂರಿನಲ್ಲಿ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಬೆಟ್ಟದ ಮೇಲಿರಬಹುದು. ಇವನು ಬಾಡಿಗೆಗೆ ಒಂದು ಕ್ಯಾರವಾನ್ ತಂದ. ಮಗಳು ಕೇಳಿದ್ದು ಕುದುರೆ, ಅಪ್ಪ ತಂದದ್ದು ಚಕ್ರ ಹಾಕಿದ ಮನೆ.

ಮನೆ ಎಂದರೆ ಮನೆಯೇ. ಹಾಸಿಗೆ, ಗ್ಯಾಸ್ ಒಲೆ, ಸಿಂಕು, ಟಿ.ವಿ., ಮೂಲೆಯಲ್ಲಿ ಬೀರುವಿನಷ್ಟು ಅಗಲದ ಒಂದು ಕಕ್ಕಸು. ಶಶಿಕುಮಾರ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನ ಮೇಲಿನ ಮ್ಯಾನೇಜರ್ ಇಂಥದ್ದರಲ್ಲಿ ಸುತ್ತಿ ಬಂದು ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದ್ದನಂತೆ. ಇವನ ತಲೆಯಲ್ಲಿ ಹುಳ ಬಿಡಲು ಅಷ್ಟು ಸಾಕಾಯಿತು.

ಡೆಂಕಣಿಕೋಟೆಯಿಂದ ನನ್ನನ್ನೂ ನನ್ನ ಹೆಂಡತಿ ಆದಿಲಕ್ಷ್ಮಿಯನ್ನೂ ಕರೆಸಿಕೊಂಡ. ಪ್ರೀತಿ ಉಕ್ಕಿ ಹರಿದು ಕರೆಸಲಿಲ್ಲ. ಅವನ ಹೆಂಡತಿ ಚಂದ್ರಲೇಖಾ ಫೋನ್ ಹಿಡಿದು ವಿಡಿಯೋ ಮಾಡಬೇಕು. ಆಗ ಅಡುಗೆ ಮಾಡಲು ಅಕ್ಕ ಬೇಕು, ಮೂಟೆ ಇಳಿಸಲು ಅಕ್ಕನ ಗಂಡ ಬೇಕು. ನಮ್ಮಿಬ್ಬರಿಗೂ ಹೆಣ್ಣು ಕೊಟ್ಟ ಅತ್ತೆ ಪಾರ್ವತಮ್ಮನವರೂ ತಮ್ಮ ಉಪ್ಪು, ಅರಿಶಿನ, ಖಾರದ ಪುಡಿಯ ಡಬ್ಬಿ ಸಮೇತ ಹೊರಟರು.

ನಾನು ಎತ್ತುಗಳಿಗೆ ಲಾಳ ಕಟ್ಟುವವನು. ನಮ್ಮಪ್ಪ ಹೊಸೂರಿನಲ್ಲಿ ಜಟಕಾ ಕುದುರೆಗಳಿಗೂ ಕಟ್ಟುತ್ತಿದ್ದರು. ಅವರ ಪಕ್ಕ ಕೂತು ಕುದುರೆ ಕಾಲು ಹಿಡಿಯುವುದನ್ನೂ ಕಲಿತಿದ್ದೇನೆ. ವಾಪಸ್ ಬರುವಾಗ ಶೂಲಗಿರಿಯಲ್ಲಿ ಒಂದು ಜೊತೆ ಎತ್ತಿಗೆ ಲಾಳ ಕಟ್ಟುವ ಕೆಲಸವಿತ್ತು. ಅದಕ್ಕೆ ಸುತ್ತಿಗೆ, ಇಕ್ಕಳ, ಗೊರಸು ಕೆತ್ತುವ ಉಳಿ ಎಲ್ಲ ಇದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದೆ. ಮತ್ತಿಗಿರಿಯ ಅವನ ಮನೆ ಮುಂದೆ ಶಶಿಕುಮಾರ ಕೈ ಅಡ್ಡ ಹಿಡಿದ.

“ರಾಜಣ್ಣ, ಆ ಚೀಲ ಇಲ್ಲೇ ಇಟ್ಬಿಡಿ. ಎತ್ತಿನ ವಾಸ್ನೆ ಹೊಡೀತದೆ. ಒಳಗೆಲ್ಲಾ ವೆಲ್ವೆಟ್ಟು.”

“ಮದ್ವೆಗೆ ಮುಂಚೆ ನಮ್ಮನೆ ಕೊಟ್ಟಿಗೆ ಪಕ್ಕದಾಗೆ ಕುಂತು ಮೂರು ಮುದ್ದೆ ಮುರಿದ್ಯಲ್ಲಪ್ಪ, ಆವಾಗ ನಿನ್ ಮೂಗು ರಜಾದಾಗಿತ್ತಾ?”

“ಅದು ಬೇರೆ, ಇದು ಬೇರೆ ಅಣ್ಣ.”

ಇನ್ನೆರಡು ಮಾತು ಬಿಡುತ್ತಿದ್ದೆ. ಅಷ್ಟರಲ್ಲಿ ಗಾಡಿಯೊಳಗಿನಿಂದ ಅತ್ತೆ ಕೂಗಿದರು. ಅವರು ಮೂಲೆಯ ಬಾಗಿಲು ತೆಗೆದು ನೋಡುತ್ತಾ ನಿಂತಿದ್ದರು.

“ಇದೇನ್ ಅಳಿಯಂದ್ರೆ?”

“ಟಾಯ್ಲೆಟ್ಟು ಅತ್ತೆ,” ಎಂದ ಶಶಿಕುಮಾರ, ತಾನೇ ಕಟ್ಟಿದವನ ಹಾಗೆ. “ಇನ್ ಮೇಲೆ ನೀವು ದಾರೀಲಿ ಎಲ್ಲೂ ಇಳಿಯೋ ಹಂಗೇ ಇಲ್ಲ.”

ಅತ್ತೆ ಆ ಬಾಗಿಲನ್ನು ನೋಡಿದರು. ಪಕ್ಕದ ಒಲೆಯನ್ನು ನೋಡಿದರು. ಎರಡರ ನಡುವೆ ಕೈ ಚಾಚಿ ಅಳೆದರು.

“ಒಂದು ಮೊಳ ಇಲ್ಲ. ಇಲ್ಲಿ ಕಕ್ಕಸು, ಅಲ್ಲಿ ಅನ್ನ! ಇದ್ರಾಗೆ ಬೇಯ್ಸಿದ್ದ ನಾನು ಬಾಯಿಗಿಕ್ಕಲ್ಲ. ಆ ಬಾಗ್ಲು ತೆಗೆದೋರು ತಲೆಗೆ ನೀರು ಹಾಕ್ಕೊಳ್ದೆ ನನ್ನ ಮುಟ್ಟಬ್ಯಾಡಿ.”

ಅಷ್ಟೇ. ಅಡುಗೆಮನೆಯೂ ರದ್ದು, ಕಕ್ಕಸೂ ರದ್ದು. ಶಶಿಕುಮಾರನ ಮುಖ ನೋಡಬೇಕಿತ್ತು. ಆ ಬಾಗಿಲನ್ನು ಇನ್ನು ಯಾರೂ ತೆಗೆಯುವುದಿಲ್ಲ ಎಂದು ಗೊತ್ತಾದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ, ಎಲ್ಲರೂ ಇಳಿದಿದ್ದಾಗ ನನ್ನ ಚೀಲವನ್ನು ಅದರೊಳಗೆ ತೂರಿಸಿ ಬಾಗಿಲು ಹಾಕಿದ್ದು. ಬ್ಯಾಂಕಿನ ಲಾಕರು ಕೂಡ ಅಷ್ಟು ಭದ್ರವಿರುವುದಿಲ್ಲ.

ಎಂಟಕ್ಕೆ ಹೊರಡಬೇಕಿದ್ದವರು ಹತ್ತಕ್ಕೆ ಹೊರಟೆವು. ಶಶಿಕುಮಾರನೇ ಓಡಿಸಿದ. ಶೂಲಗಿರಿ ದಾಟಿ ಹೈವೇ ಪಕ್ಕ ಹುಣಸೆಮರದ ಕೆಳಗೆ ನಿಲ್ಲಿಸಿ, ಮೂರು ಕಲ್ಲು ಹೂಡಿ, ಪುಳ್ಳೆ ಆರಿಸಿ ಬೆಂಕಿ ಹಾಕಿ ಅನ್ನ ಸಾರು ಮಾಡಿದೆವು. ಹಿಂದೆ ಗ್ಯಾಸ್ ಒಲೆಯಿರುವ ಗಾಡಿ ನಿಂತಿದೆ, ಮುಂದೆ ನನ್ನ ಹೆಂಡತಿ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಲಾರಿಯವರು ವೇಗ ಕಡಿಮೆ ಮಾಡಿ ನಗುತ್ತಾ ಹೋದರು. ಕೃಷ್ಣಗಿರಿ ಹತ್ತಿರ ಹೆಂಗಸರಿಗೆ ಅವಸರವಾಯಿತು. ಕಕ್ಕಸನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದವರು ಪೆಟ್ರೋಲ್ ಬಂಕಿನ ಕಕ್ಕಸಿನ ಮುಂದೆ ಸರದಿಯಲ್ಲಿ ನಿಂತೆವು.

ಅಲ್ಲಿ ಸಿಂಧು ನನ್ನ ಪಕ್ಕ ಬಂದು ನಿಂತಳು. “ದೊಡ್ಡಪ್ಪ, ಕುದುರೆಯೋರು ಎಷ್ಟು ಗಂಟೆ ತನಕ ಇರ್ತಾರೆ?”

“ಐದೂವರೆ, ಆರು.”

“ಈಗ್ಲೇ ಎರಡಾಯ್ತು.” ಅವಳು ಅಳಲಿಲ್ಲ. ಆಗುವುದಿಲ್ಲ ಎಂದು ಮೊದಲೇ ತಿಳಿದವಳ ಹಾಗೆ ತಲೆ ತಗ್ಗಿಸಿದಳು. ಅದನ್ನು ನೋಡಿ ನನಗೆ ತಲೆಗೇರಿತು. ನನ್ನ ಸಿಟ್ಟು ನಾಲಿಗೆಯಲ್ಲೇ ಇರುತ್ತದೆ.

“ಇವತ್ತು ನಿನ್ನ ಕುದುರೆ ಮ್ಯಾಲೆ ಕೂರಿಸ್ಲಿಲ್ಲ ಅಂದ್ರೆ ನನ್ನ ದೊಡ್ಡಪ್ಪ ಅನ್ನಬ್ಯಾಡ,” ಎಂದುಬಿಟ್ಟೆ.

ಬರಗೂರು ದಾಟಿ ಏಲಗಿರಿ ಘಾಟಿ ಹತ್ತುವಾಗ ಆ ಮನೆ ತನ್ನ ಬುದ್ಧಿ ತೋರಿಸಿತು. ಒಂದೊಂದು ತಿರುವಿನಲ್ಲೂ ಹಿಂದೆ ಮುಂದೆ, ಹಿಂದೆ ಮುಂದೆ. ಎದುರು ಬಂದ ಬಸ್ಸಿನವನು ತಮಿಳಿನಲ್ಲಿ ಬೈದದ್ದನ್ನು ಇಲ್ಲಿ ಬರೆಯಲಾಗದು. ಶಶಿಕುಮಾರ ಬೆವರುತ್ತಿದ್ದ. ಚಂದ್ರಲೇಖಾ ಹಿಂದಿನಿಂದ “ರೀ, ಸ್ವಲ್ಪ ನಗ್ರಿ, ವಿಡಿಯೋ ಬತ್ತಾ ಐತೆ,” ಎನ್ನುತ್ತಿದ್ದಳು.

ಕೆರೆಯ ಹತ್ತಿರ ತಲುಪಿದಾಗ ಐದಾಗಲು ಹತ್ತು ನಿಮಿಷ. ಇದ್ದದ್ದು ಒಂದೇ ಕುದುರೆ. ಇನ್ನೊಂದನ್ನು ತಿರುಪತ್ತೂರಿನ ಮದುವೆ ಮೆರವಣಿಗೆಗೆ ಕಳಿಸಿದ್ದಾರಂತೆ. ಕಂದು ಬಣ್ಣದ ಹೆಣ್ಣು ಕುದುರೆ, ಕತ್ತಿನಲ್ಲಿ ಪ್ಲಾಸ್ಟಿಕ್ ಹೂವಿನ ಹಾರ. ಸುರೇಂದ್ರ ಎಂಬ ಅದರ ಮಾಲೀಕ ಹಗ್ಗ ಹಿಡಿದು ನಮ್ಮ ಕಡೆ ನಡೆಸಿಕೊಂಡು ಬಂದ. ಸಿಂಧು ಓಡಿದಳು. ನಾನು ಅವಳ ಮುಖ ನೋಡಲಿಲ್ಲ, ಕುದುರೆಯ ತಲೆ ನೋಡಿದೆ. ಮುಂದಿನ ಬಲಗಾಲು ನೆಲಕ್ಕೆ ಊರಿದಾಗಲೆಲ್ಲ ಅದು ತಲೆಯನ್ನು ಮೇಲಕ್ಕೆತ್ತುತ್ತಿತ್ತು.

ನಾನು ಕಾಣದವನ ಹಾಗೆ ಸುಮ್ಮನಿರಬಹುದಿತ್ತು. ಒಂದು ಸುತ್ತು, ಐದು ನಿಮಿಷ. ಹುಡುಗಿಯ ಆಸೆ ತೀರುತ್ತಿತ್ತು, ನನ್ನ ಮಾತೂ ಉಳಿಯುತ್ತಿತ್ತು. ಎರಡು ಉಸಿರು ಎಳೆಯುವಷ್ಟು ಹೊತ್ತು ಸುಮ್ಮನೆ ಇದ್ದೆ ಕೂಡ. ಆಮೇಲೆ ಹೋಗಿ ಆ ಕಾಲನ್ನು ಎತ್ತಿದೆ.

“ಕಲ್ಲು ಕುತ್ತಿಡಿಚ್ಚು ಸಾರ್, ಅವ್ಳೋದಾನ್,” ಎಂದ ಸುರೇಂದ್ರ. ಕಲ್ಲು ಚುಚ್ಚಿದೆಯಂತೆ, ಅಷ್ಟೇ ಅಂತೆ.

“ಯಾವಾಗ ಕಟ್ಟಿಸ್ದೆ ಈ ಲಾಳ?” ನಾನು ತಮಿಳಿನಲ್ಲೇ ಕೇಳಿದೆ.

“ನಾಲ್ಕು ದಿನ ಆಯ್ತು ಸಾರ್.”

“ಕಟ್ಟಿದೋನ ಕೈ ಮುರಿಯ. ಮೊಳೆ ಗೊರಸು ದಾಟಿ ಜೀವ ಇರೋ ಮಾಂಸಕ್ಕೆ ಇಳಿದೈತೆ.”

ಶಶಿಕುಮಾರ ಬಂದ. “ರಾಜಣ್ಣ, ನೀವು ಎತ್ತಿನ ಡಾಕ್ಟ್ರು. ಇದು ಕುದುರೆ. ಸುಮ್ನೆ ಬಿಡಿ, ಮಗು ಕೂತ್ಕೊಳ್ಲಿ. ಬಿಸಿಲು ಇಳೀತಾ ಇದೆ, ವಿಡಿಯೋ ಚೆನ್ನಾಗಿ ಬರಲ್ಲ.”

“ನಿನ್ನ ಬೂಟಿನೊಳಗೆ ಒಂದು ಮೊಳೆ ಇಕ್ಕಿ, ಹೆಗಲ ಮ್ಯಾಲೆ ನಮ್ಮತ್ತೇನ ಕೂರಿಸ್ತೀನಿ. ಈ ಕೆರೆ ಒಂದು ಸುತ್ತು ಬಾ. ಆಮೇಲೆ ಮಾತಾಡಾನ.”

“ನಿಮಗೆ ಹೊಟ್ಟೆಕಿಚ್ಚು,” ಎಂದ. “ನಾನು ಗಾಡಿ ತಂದಿದ್ದು ಬೆಳಿಗ್ಗೆಯಿಂದ ನಿಮಗೆ ಸಹಿಸ್ತಾ ಇಲ್ಲ.”

ನಾನು ಅವನ ಜೊತೆ ಮಾತು ಬಿಟ್ಟೆ. ಸಿಂಧುವನ್ನು ಕರೆದೆ. “ಇಲ್ಲಿ ಕೈ ಇಡು. ಗೊರಸಿನ ಮ್ಯಾಲೆ. ಈಗ ಆ ಎಡಗಾಲಿನ ಮ್ಯಾಲೆ ಇಡು.”

ಅವಳು ಎರಡರ ಮೇಲೂ ಅಂಗೈ ಇಟ್ಟಳು. ಮತ್ತೆ ಬಲಗಾಲಿಗೆ ಬಂದಳು.

“ಇದು ಬಿಸಿ ಐತೆ ದೊಡ್ಡಪ್ಪ.”

“ನೋವು ಒಳಗೆ ಕುಂತೈತೆ.”

“ಬರೀ ಕೂತ್ಕೊ ಸಿಂಧು, ನಡೆಸೋದು ಬೇಡ. ಫೋಟೋ ಒಂದೇ,” ಎಂದಳು ಚಂದ್ರಲೇಖಾ.

ಹುಡುಗಿ ನನ್ನನ್ನು ನೋಡಿದಳು. ಕೂರಿಸುತ್ತೇನೆಂದು ಬಾಯಿ ಬಿಟ್ಟವನು ನಾನು, ಬೇಡ ಎನ್ನುತ್ತಿರುವವನೂ ನಾನು. ಮಾತು ತಪ್ಪಿದವರ ಸಾಲಿನಲ್ಲಿ ಅವಳ ಅಪ್ಪನ ಪಕ್ಕ ಹೋಗಿ ನಿಂತ ಹಾಗಾಯಿತು. ನನ್ನ ಮೇಲೇ ಉಗಿಯಬೇಕೆನಿಸಿತು.

“ನಾನು ಕೂರಲ್ಲ,” ಎಂದಳು ಸಿಂಧು. “ದೊಡ್ಡಪ್ಪ, ಆ ಮೊಳೆ ತೆಗಿ.”

“ತೆಗೆಯೋಕೆ ಏನಿದೆ ನಿಮ್ಮತ್ರ?” ಎಂದು ಶಶಿಕುಮಾರ ನಕ್ಕ. “ಚೀಲ ಮನೇಲಿದೆ.”

ನಾನು ಗಾಡಿ ಹತ್ತಿ, ಕಕ್ಕಸಿನ ಬಾಗಿಲು ತೆಗೆದು, ಚೀಲ ಹೆಗಲಿಗೆ ಹಾಕಿಕೊಂಡು ಇಳಿದೆ. ಅವನ ನಗು ಅರ್ಧಕ್ಕೆ ನಿಂತಿತು. ಅತ್ತೆ ಮಾತ್ರ “ಅಯ್ಯೋ, ಬಾಗ್ಲು ತೆಗೆದ್ಬುಟ್ರಾ!” ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದರು.

ಗೊರಸನ್ನು ತೊಡೆಯ ನಡುವೆ ಇಟ್ಟುಕೊಂಡು ಒಂದೊಂದೇ ಮೊಳೆಯನ್ನು ಇಕ್ಕಳದಿಂದ ಎಳೆದೆ. ಐದನೆಯದನ್ನು ಎಳೆದಾಗ ಕುದುರೆ ನಡುಗಿತು. ಮೊಳೆಯ ಹಿಂದೆಯೇ ಕಪ್ಪು ಕೀವು ಬಂತು. ಆ ನಾತಕ್ಕೆ ಚಂದ್ರಲೇಖಾ ಫೋನ್ ಕೆಳಗಿಳಿಸಿದಳು. ಸುರೇಂದ್ರ ತಲೆಯ ಮೇಲೆ ಕೈ ಇಟ್ಟುಕೊಂಡ. ಸಿಂಧು ಕುದುರೆಯ ಕತ್ತು ಹಿಡಿದು ನಿಂತಿದ್ದಳು, ಅಲ್ಲಾಡಲಿಲ್ಲ. ನಾನು ಲಾಳ ಬಿಚ್ಚಿ ಆ ಮೊಳೆಯನ್ನು ಶಶಿಕುಮಾರನ ಅಂಗೈಗೆ ಹಾಕಿದೆ.

“ತಗೋ. ಇದನ್ನ ಹಾಕು ನಿನ್ ವಾಟ್ಸಾಪ್ ಗುಂಪಿಗೆ.”

“ಬಿಸಿನೀರು ಬೇಕು,” ಎಂದೆ, “ಉಪ್ಪು ಹಾಕಿ.” ಆದಿಲಕ್ಷ್ಮಿ ಯಾರನ್ನೂ ಕೇಳದೆ ಗಾಡಿ ಹತ್ತಿ, ಗ್ಯಾಸ್ ಒಲೆ ಹಚ್ಚಿ, ಬೆಳಿಗ್ಗೆ ಅನ್ನ ಮಾಡಿದ್ದ ಪಾತ್ರೆಯಲ್ಲೇ ನೀರು ಕಾಯಿಸಿದಳು. ಕಕ್ಕಸಿನಲ್ಲಿದ್ದ ಹೊಸ ಬಕೆಟ್ಟಿಗೆ ಸುರಿದು ತಂದಳು. ಅತ್ತೆ ದೂರದಲ್ಲೇ ನಿಂತು ಡಬ್ಬಿ ಬಿಚ್ಚಿ ಉಪ್ಪು, ಅರಿಶಿನವನ್ನು ಮೊಮ್ಮಗಳ ಕೈಗೆ ಮೇಲಿನಿಂದ ಉದುರಿಸಿದರು. “ಆ ಪಾತ್ರೆ ಇನ್ ಮನೆಗೆ ತರಬ್ಯಾಡ್ರಿ,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಇನ್ನೊಂದು ಚೂರು ಉಪ್ಪು ಹಾಕು, ಸಾಲದು,” ಎಂದೂ ಹೇಳಿದರು.

ಇಡೀ ದಿನದಲ್ಲಿ ಆ ಗಾಡಿಯ ಅಡುಗೆಮನೆ, ಕಕ್ಕಸು ಎರಡೂ ಉಪಯೋಗಕ್ಕೆ ಬಂದದ್ದು ಅದೊಂದು ಸಲ. ಅದೂ ಒಂದು ಕುದುರೆಗೆ.

ಕಾಲು ತೊಳೆದು ಬಟ್ಟೆ ಸುತ್ತಿದೆ. ಕುದುರೆಯ ಲಾಯ ಅರ್ಧ ಮೈಲಿ ದೂರ, ರಾತ್ರಿ ನಾವು ಗಾಡಿ ನಿಲ್ಲಿಸಿ ಮಲಗಬೇಕಿದ್ದ ಜಾಗದ ದಾರಿಯಲ್ಲೇ. ಟಾರಿನ ಮೇಲೆ ಬೇಡ, ಅಂಚಿನ ಹುಲ್ಲಿನ ಮೇಲೆ ನಿಧಾನವಾಗಿ ನಡೆಸು ಎಂದೆ ಸುರೇಂದ್ರನಿಗೆ. ಅವನು ಹಗ್ಗವನ್ನು ಸಿಂಧುವಿನ ಕೈಗೆ ಕೊಟ್ಟ. ಅವಳು ಮುಂದೆ, ಕುದುರೆ ಅವಳ ಭುಜಕ್ಕೆ ಮೂಗು ತಾಗಿಸಿಕೊಂಡು ಪಕ್ಕದಲ್ಲಿ, ನಾನೂ ಸುರೇಂದ್ರನೂ ಹಿಂದೆ. ನಮ್ಮೆಲ್ಲರ ಹಿಂದೆ ಶಶಿಕುಮಾರನ ಮನೆ. ದಾರಿ ಇಕ್ಕಟ್ಟು. ಕುದುರೆಯನ್ನು ದಾಟಿ ಹೋಗಲು ಆ ಗಾಡಿಗೆ ಜಾಗವಿಲ್ಲ. ಅದು ಕುಂಟುವ ಕುದುರೆಯ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು ತೆವಳುತ್ತಾ ಬಂತು. ಅವನು ಒಂದು ಸಲ ಹಾರ್ನ್ ಹೊಡೆದ. ನಾನು ತಿರುಗಿ ನೋಡಿದೆ. ಮತ್ತೆ ಹೊಡೆಯಲಿಲ್ಲ.

“ಎಷ್ಟು ದಿನಕ್ಕೆ ವಾಸಿ ಆಗ್ತದೆ?” ಎಂದಳು ಸಿಂಧು, ಹಿಂದೆ ತಿರುಗದೆ.

“ದಿನಾ ಉಪ್ಪುನೀರು ಹಾಕಿದ್ರೆ ಹದಿನೈದು ದಿನ. ಆಮ್ಯಾಕೆ ಹೊಸ ಲಾಳ.”

“ಲಾಳ ನೀನೇ ಕಟ್ತೀಯಾ?”

“ನಾನಲ್ದೆ ಇನ್ಯಾರು? ಆ ಮೊಳೆ ಹೊಡೆದೋನ?”

ಅವಳು ಸ್ವಲ್ಪ ದೂರ ನಡೆದಳು. ಲೆಕ್ಕ ಹಾಕುತ್ತಿದ್ದಳು ಎಂದು ಕಾಣುತ್ತದೆ.

“ಹಂಗಾರೆ ಸ್ಕೂಲ್ ಸುರುವಾಗೋಕೆ ಮುಂಚೆ, ಒಂದು ಭಾನುವಾರ, ಬಸ್ಸಿಗೆ ಬರಾನ ದೊಡ್ಡಪ್ಪ. ನಾನು, ನೀನು. ಅಪ್ಪಂಗೆ ಹೇಳೋದು ಬ್ಯಾಡ.”

“ಹೇಳೇ ಬರಾನ ಕಣಮ್ಮಿ,” ಎಂದೆ. “ಬೇಕಾದ್ರೆ ನಿಮ್ಮಪ್ಪ ಮನೆ ಎಳ್ಕೊಂಡು ಹಿಂದೆ ಬರ್ಲಿ.”